ಸೂಜಿಗಿಂತ ಮೊದಲು ಬೆರಳು

ಕಾಲಿನ ಮೇಲೆ ಜೇಡರ ಬಲೆಯಂತೆ ಹರಡುವ ಕೆಂಪು-ನೀಲಿ ಎಳೆಗಳಿಗೆ, ಅವಕ್ಕಿಂತ ತುಸು ದಪ್ಪನೆಯ ಹಸಿರು ಗೆರೆಗಳಿಗೆ ಕೊಡುವ ಇಂಜೆಕ್ಷನ್ ಚಿಕಿತ್ಸೆಯನ್ನು ಇಬ್ಬರು ಹಾಳುಮಾಡಿದ್ದಾರೆ. ಶಸ್ತ್ರಚಿಕಿತ್ಸಕರಲ್ಲಿ ಹಲವರು ಅದನ್ನು ಅಂದಚೆಂದದ ಕೆಲಸವೆಂದು ಪಕ್ಕಕ್ಕಿಡುತ್ತಾರೆ. ಜಾಹೀರಾತಿನವರು ಅದನ್ನು ಹತ್ತು ನಿಮಿಷದ ಶಾಶ್ವತ ಪರಿಹಾರವೆಂದು ಮಾರುತ್ತಾರೆ. ಸ್ಕ್ಲೀರೋಥೆರಪಿ ಎಂಬ ಈ ಚಿಕಿತ್ಸೆ ಒಂದು ಕೈಕಸುಬು; ಅದರ ಬೆಲೆ ಇರುವುದು ಔಷಧಿಗಿಂತ ಹೆಚ್ಚಾಗಿ ಆ ಕೈಯಲ್ಲಿ. ಇದನ್ನು ಎರಡೂ ಕಡೆಯವರು ಮರೆತಿದ್ದಾರೆ.

ಈ ಕೈಯನ್ನು ಕಾಣಬೇಕಾದರೆ ಡಬ್ಲಿನ್‌ನ ಜಾರ್ಜ್ ಫೀಗನ್ ಅವರ ಬಳಿ ಹೋಗಬೇಕು. 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ವಿವರಿಸಿದ ವಿಧಾನ ಓದಲು ಸರಳ. ರೋಗಿಯನ್ನು ನಿಲ್ಲಿಸಿ ಗುರುತು ಹಾಕಿಕೊಳ್ಳುವುದು, ಕಾಲೆತ್ತಿಸಿ ನಾಳವನ್ನು ಬರಿದು ಮಾಡುವುದು, ಬೆರಳುಗಳಿಂದ ಮೇಲೂ ಕೆಳಗೂ ಅದುಮಿ ಹಿಡಿದು ನಡುವಿನ ತುಂಡಿಗೆ ಸ್ವಲ್ಪವೇ ಔಷಧಿ ಬಿಡುವುದು, ಪಟ್ಟಿ ಬಿಗಿದು ನಡೆಯಲು ಕಳಿಸುವುದು. ಪಟ್ಟಿ ವಾರಗಟ್ಟಲೆ ಕಾಲಿನಲ್ಲೇ ಇರಬೇಕು.

ನಾಳ ಯಾಕೆ ಬರಿದಾಗಬೇಕು? ಇಲ್ಲಿ ನಿಂತು ಯೋಚಿಸಬೇಕು. ಇಂದು ಬಳಕೆಯಲ್ಲಿರುವ ಪಾಲಿಡೋಕನಾಲ್ ಮತ್ತು ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎರಡೂ ಸಾಬೂನಿನ ಜಾತಿಯವು. ನಾಳದ ಒಳಪದರವನ್ನು ಅವು ಕೆಡಿಸುತ್ತವೆ, ಗೋಡೆಗಳು ಅಂಟಿಕೊಳ್ಳುತ್ತವೆ, ತಿಂಗಳುಗಳಲ್ಲಿ ನಾಳ ನಾರಾಗಿ ಮರೆಯಾಗುತ್ತದೆ. ಆದರೆ ರಕ್ತ ಉಳಿದಿದ್ದರೆ ಔಷಧಿ ತೆಳುವಾಗುತ್ತದೆ. ರಕ್ತದ ಪ್ರೋಟೀನುಗಳು ಅದನ್ನು ಹಿಡಿದಿಟ್ಟು ನಿಷ್ಕ್ರಿಯಗೊಳಿಸುತ್ತವೆ. ಗೋಡೆಗಳು ಕೂಡುವ ಬದಲು ನಡುವೆ ಹೆಪ್ಪು ಕೂತುಕೊಳ್ಳುತ್ತದೆ. ಹೆಪ್ಪು ಕರಗಿದರೆ ನಾಳ ಮತ್ತೆ ತೆರೆದುಕೊಳ್ಳಬಹುದು; ಅದರ ಕಬ್ಬಿಣದ ಅಂಶ ಚರ್ಮಕ್ಕಿಳಿದರೆ ಕಂದು ಕಲೆ. ಅತಿ ಸಣ್ಣ ಎಳೆಗಳಲ್ಲಿ ಬೆರಳಿಗೆ ಹಿಡಿತ ಸಿಗದು. ಅಲ್ಲಿ ಕಣ್ಣೇ ಬೆರಳು: ದ್ರವ ಹೊಕ್ಕ ಕ್ಷಣ ಎಳೆ ಬಿಳಿಚಿಕೊಳ್ಳಬೇಕು, ಪಕ್ಕದಲ್ಲಿ ಗುಳ್ಳೆಯೆದ್ದರೆ ಆಗಲೇ ಕೈ ನಿಲ್ಲಬೇಕು. ಔಷಧಿ ಹೊರಗೆ ಸೋರಿದರೆ ಚರ್ಮ ಸತ್ತು ಹುಣ್ಣಾದೀತು.

ಫೀಗನ್ ಅವರ ಸಿದ್ಧಾಂತ ಪೂರ್ತಿ ನಿಲ್ಲಲಿಲ್ಲ. ರೋಗದ ಬೇರು ಆಳದ ಕೊಂಡಿನಾಳಗಳಲ್ಲಿದೆ ಎಂದು ಅವರು ನಂಬಿದ್ದರು. ಮೇಲಿನಿಂದ ಹಿಮ್ಮುಖವಾಗಿ ಹರಿಯುವ ರಕ್ತಕ್ಕೆ ಅವರು ಕೊಟ್ಟ ಮಹತ್ವ ಕಡಿಮೆಯಾಯಿತು. ಅಷ್ಟು ದೀರ್ಘಕಾಲ ಪಟ್ಟಿ ಕಟ್ಟಿಸುವವರು ಇಂದು ವಿರಳ, ಪಟ್ಟಿಯ ಅವಧಿಯ ಬಗ್ಗೆ ಒಮ್ಮತವೂ ಇಲ್ಲ. ಆದರೂ ನಾಳದಲ್ಲಿ ರಕ್ತವಿರಬಾರದು ಎಂದ ಅವರ ಬೆರಳು ಸರಿಯಾಗಿತ್ತು. 2000ದಲ್ಲಿ ಇಟಲಿಯ ಟೆಸಾರಿ ಎರಡು ಸಿರಿಂಜುಗಳ ನಡುವೆ ಒಂದು ಪಾಲು ಔಷಧಿ, ನಾಲ್ಕು ಪಾಲು ಗಾಳಿ ಓಡಾಡಿಸಿ ಮಾಡಿದ ನೊರೆಯನ್ನು ಜಗತ್ತು ಹೊಸ ಯುಗವೆಂದಿತು. ನೊರೆ ಮಾಡುವುದಾದರೂ ಏನು? ರಕ್ತವನ್ನು ಮುಂದೆ ತಳ್ಳಿ ಜಾಗ ಹಿಡಿಯುತ್ತದೆ. ಡಬ್ಲಿನ್‌ನ ಬೆರಳಿನ ಕೆಲಸವನ್ನು ಗಾಳಿಗುಳ್ಳೆ ವಹಿಸಿಕೊಂಡಿತು, ಅಷ್ಟೇ. ದೊಡ್ಡ ನಾಳಗಳಿಗೆ ಅದು ನಿಜವಾದ ಉಪಕಾರ. ಜೇಡರಬಲೆಯ ಎಳೆಗಳಿಗೆ ಬರಿಯ ದ್ರವವೇ ಸಾಕು.

ಇನ್ನು ‘ಇಂಜೆಕ್ಷನ್ ಮಾಡಿದರೆ ಮತ್ತೆ ಬರುತ್ತದೆ’ ಎನ್ನುವ ಪಂಡಿತರ ಮಾತು. ಅವರು ಮುಂದಿಡುವುದು ಲಂಡನ್ನಿನ ಜಾನ್ ಹಾಬ್ಸ್ 1974ರಲ್ಲಿ ಪ್ರಕಟಿಸಿದ ಹೋಲಿಕೆಯನ್ನು. ಅದನ್ನು ಅರ್ಧ ಓದಿದವರೇ ಹೆಚ್ಚು. ಮುಖ್ಯ ನಾಳದ ಕವಾಟ ಕೆಟ್ಟವರಲ್ಲಿ ವರ್ಷಗಳುರುಳಿದಂತೆ ಶಸ್ತ್ರಚಿಕಿತ್ಸೆ ಗೆದ್ದಿತು, ನಿಜ. ಮೇಲ್ಪದರದ ಬಿಡಿ ನಾಳಗಳಲ್ಲಿ ಇಂಜೆಕ್ಷನ್ನೇ ಮೇಲು ಎಂಬುದೂ ಅದೇ ಹೋಲಿಕೆಯ ಫಲಿತಾಂಶ. ಹೆಬ್ಬಾಗಿಲಿನ ಮೇಲೆ ಕೊಟ್ಟ ತೀರ್ಪನ್ನು ಕಿಟಕಿಗೆ ಅನ್ವಯಿಸುವುದು ಯಾವ ನ್ಯಾಯ? ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ನ 2013ರ ಮಾರ್ಗಸೂಚಿಯಲ್ಲಿ ನೊರೆಗೆ ಎರಡನೆಯ ಸ್ಥಾನ ಕೊಟ್ಟಿರುವುದೂ ಮುಖ್ಯ ನಾಳ ಕೆಟ್ಟವರ ವಿಷಯದಲ್ಲೇ. ಡಾಪ್ಲರ್ ಸ್ಕ್ಯಾನ್ ಮಾಡದೆ, ಮೇಲೆ ಸೋರುತ್ತಿರುವುದನ್ನು ನೋಡದೆ, ಕೆಳಗಿನ ಎಳೆಗಳಿಗೆ ಚುಚ್ಚಿದರೆ ಅವು ಮರಳಿ ಬಂದೇ ಬರುತ್ತವೆ. ಆ ತಪ್ಪು ಚುಚ್ಚಿದವರದು.

30 ವರ್ಷ ಬೋರ್ಡಿನ ಮುಂದೆ ನಿಂತು ಪಾಠ ಹೇಳಿದ ನನ್ನಕ್ಕನಿಗೆ ಒಂದು ಕ್ಲಿನಿಕ್ಕಿನಲ್ಲಿ ಆದದ್ದು ಅದೇ. ಸ್ಕ್ಯಾನಿಲ್ಲ, ಪಟ್ಟಿಯಿಲ್ಲ, ಸೀರೆ ನೆರಿಗೆ ಇಳಿಸಿಕೊಂಡು ಆಟೋ ಹತ್ತಿದಳು. ವರ್ಷ ಕಳೆದರೂ ಕಣಕಾಲಿನ ಮೇಲೆ ಕಂದು ಗೆರೆ. ‘ನಿಮ್ಮ ಬಣ್ಣಕ್ಕೆ ಹೀಗಾಗುತ್ತೆ’ ಎಂದರಂತೆ. ನಮ್ಮ ಮೈಬಣ್ಣದಲ್ಲಿ ಕಲೆ ಎದ್ದು ಕಾಣುವುದು ಹೌದು. ಹಾಗಾದರೆ ಇಲ್ಲಿ ಎಚ್ಚರ ಇಮ್ಮಡಿಯಾಗಬೇಕಿತ್ತು. ಒಳಗೆ ಸಿಕ್ಕಿಬಿದ್ದ ಹೆಪ್ಪನ್ನು ಒಂದೆರಡು ವಾರದ ನಂತರ ಸೂಜಿಮೊನೆಯಿಂದ ಹೊರಹಾಕಲು ಅವಳನ್ನು ಮತ್ತೆ ಕರೆಯಬೇಕಿತ್ತು.

ಈಚೆಗೆ ಅವಳನ್ನು ನೋಡಿದ ಇನ್ನೊಬ್ಬ ವೈದ್ಯೆ ಮೊದಲ ದಿನ ಸಿರಿಂಜು ಮುಟ್ಟಲೇ ಇಲ್ಲ. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತೊಡೆಯ ಮೇಲಿನಿಂದ ಪಾದದವರೆಗೆ ಸ್ಕ್ಯಾನ್ ಮಾಡಿ, ಮೊಣಕಾಲೂರಿ ಕುಳಿತು ಪೆನ್ನಿನಿಂದ ಒಂದೊಂದೇ ಎಳೆ ಗುರುತಿಸಿದರು. ಅರ್ಧ ಗಂಟೆ ಹಿಡಿಯಿತು. ಎರಡನೆಯ ಸಲ ಹೋದಾಗ ಕಾಲು ಎತ್ತರಿಸಿದರು, ಸೂಜಿಯ ಹಿಂದೆಯೇ ಹತ್ತಿಯುಂಡೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕ್ರೇಪ್ ಬ್ಯಾಂಡೇಜನ್ನು ಪಾದದಿಂದ ಸುತ್ತುತ್ತಾ ಬಂದವರು ಮೊಣಕಾಲಿನ ಹತ್ತಿರ ನಿಂತು, ಬಿಚ್ಚಿ, ಮತ್ತೆ ಪಾದದಿಂದಲೇ ಸುತ್ತಿದರು.