ಗಡಿಗೆಯ ಕಂಠ ಮತ್ತು ಕಾಲನಿರ್ಣಯ: ಸುರಪುರ-ಶಹಾಪುರ ಸೀಮೆಯ ಗೃಹಬಳಕೆಯ ಮಡಕೆಗಳ ಅಧ್ಯಯನವನ್ನು ಕುರಿತು

ಯಾದಗಿರಿ ಜಿಲ್ಲೆ 2009ರ ಕೊನೆಯಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತಾದರೂ ಈ ಸೀಮೆಯ ಪ್ರಾಕ್ತನ ಅವಶೇಷಗಳ ಅಧ್ಯಯನಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ, ಶಹಾಪುರಗಳ ಬಯಲು ಹಳೆಯ ಶಿಲಾಯುಗದ ಆಯುಧಗಳಿಗೆ, ಬೂದಿದಿಬ್ಬಗಳಿಗೆ, ಬೃಹತ್ ಶಿಲಾ ಸಮಾಧಿಗಳಿಗೆ ಹೆಸರಾಗಿದೆ. ಕಲ್ಲಿನ ಆಯುಧಗಳ ಬಗ್ಗೆ ಬರೆದಷ್ಟು, ಸಮಾಧಿಗಳ ಬಗ್ಗೆ ಬರೆದಷ್ಟು, ಜನ ಅಡುಗೆ ಮಾಡಿದ, ನೀರು ತುಂಬಿದ, ಕಾಳು ಕೂಡಿಟ್ಟ ಮಡಕೆಗಳ ಬಗ್ಗೆ ಬರೆದದ್ದಿಲ್ಲ. ಬರೆದಾಗಲೂ ಅವನ್ನು ಬೇರೊಂದರ ಕಾಲವನ್ನು ಹೇಳುವ ಸಾಕ್ಷಿಯಾಗಿ ಬಳಸಿಕೊಂಡದ್ದೇ ಹೆಚ್ಚು.

ಯಾದಗಿರಿಗೆ ಸಮೀಪದ ಮುದನಾಳದಂಥ ಊರಿನ ಹೊಲದಲ್ಲಿ ನೇಗಿಲಿಗೆ ಒಂದು ಗಡಿಗೆಯ ಕಂಠಭಾಗ ಸಿಕ್ಕಿತೆಂದು ಭಾವಿಸೋಣ. ಹೊರಗೆ ಕೆಂಪು, ಒಳಗೆ ಕಪ್ಪು, ಬಾಯಂಚು ಹೊರಕ್ಕೆ ಬಾಗಿದೆ. ಅದನ್ನು ಕಂಡ ಕೂಡಲೇ ‘ಬೃಹತ್ ಶಿಲಾಯುಗದ ಮಡಕೆ’ ಎಂದು ಬರೆದುಬಿಡುವ ರೂಢಿ ನಮ್ಮ ಕ್ಷೇತ್ರಕಾರ್ಯದ ವರದಿಗಳಲ್ಲಿ ಬೇರೂರಿದೆ. ಆ ಒಂದು ಪದದಲ್ಲಿ ಎರಡು ಬೇರೆ ತೀರ್ಮಾನಗಳು ಅಡಗಿವೆ. ಇದು ಯಾವ ಪಾತ್ರೆ ಎಂಬುದು ಒಂದು. ಇದು ಯಾವ ಕಾಲದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಚೂರು ತಾನೇ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಅದು ಸಿಕ್ಕ ಸ್ತರವೂ ಜೊತೆಗೆ ಸಿಕ್ಕ ವಸ್ತುಗಳೂ ಉತ್ತರ ಹೇಳಬೇಕು. ನೇಗಿಲು ಎಬ್ಬಿಸಿದ ಚೂರಿಗೆ ಸ್ತರವೇ ಇಲ್ಲ.

ಈ ಎರಡು ಪ್ರಶ್ನೆಗಳು ಹೇಗೆ ಒಂದಾದವು ಎಂಬುದನ್ನು ತಿಳಿಯಲು ಅಧ್ಯಯನದ ಆರಂಭಕ್ಕೇ ಹೋಗಬೇಕು. 1841ರಿಂದ ಸುರಪುರದ ಆಡಳಿತದ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ ರಾಜನಕೋಳೂರು, ಜೇವರ್ಗಿ ಮುಂತಾದೆಡೆಗಳ ಕಲ್ಲುಸಮಾಧಿಗಳನ್ನು ಪರಿಶೀಲಿಸಿ, ಕೆಲವನ್ನು ಅಗೆಯಿಸಿ, ಅಲ್ಲಿ ದೊರೆತ ಮಡಕೆಗಳ ಸ್ಥಾನವನ್ನು ಗುರುತಿಸಿದನು. ಸಮಾಧಿಗಳ ಅಡ್ಡಕೊಯ್ತದ ಚಿತ್ರಗಳನ್ನು ಆತ ಬರೆದದ್ದು ಆ ಕಾಲಕ್ಕೆ ಅಪೂರ್ವ; ನೂರು ವರ್ಷಗಳ ಅನಂತರ ಮಾರ್ಟಿಮರ್ ವೀಲರ್ ಅವನ್ನು ಮೆಚ್ಚಿ ಸ್ಮರಿಸಿದ್ದಾನೆ. ಆದರೆ ಟೇಲರನ ಕಾಲನಿರ್ಣಯಕ್ಕೆ ಆಧಾರ ಹೋಲಿಕೆಯೊಂದೇ. ಯುರೋಪಿನ ಸಮಾಧಿಗಳಂತೆ ಇವೂ ಇರುವುದರಿಂದ ಇವು ಶಕರ ಅಥವಾ ಕೆಲ್ಟರ ಸಂಬಂಧಿಗಳ ಕೃತಿ ಎಂದು ಅವನು ಊಹಿಸಿದನು. ಮಡಕೆಗಳು ಆ ಊಹೆಗೆ ಅಲಂಕಾರವಾಗಿ ನಿಂತವು. ಚಿತ್ರ ಉಳಿಯಿತು, ಊಹೆ ಬಿತ್ತು. ಮಡಕೆ ಎಂದರೆ ಸಮಾಧಿಯ ಮಡಕೆ ಎಂಬ ಸಮೀಕರಣ ಮಾತ್ರ ಅಲ್ಲಿಂದಲೇ ನೆಲೆಯಾಯಿತು.

ಇದಕ್ಕೆ ಹೊರತಾಗಿ ನಿಲ್ಲುವವನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನಿಯಾದ ಈತ ದಕ್ಷಿಣದ ನೂರಾರು ನೆಲೆಗಳಿಂದ ಕೂಡಿಸಿದ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದರ ವಿವರಣಾತ್ಮಕ ಸೂಚಿ 1914ರಲ್ಲೂ ಟಿಪ್ಪಣಿಗಳ ಸಂಪುಟ 1916ರಲ್ಲೂ ಪ್ರಕಟವಾದವು. ಬಾಯಂಚು, ಹಿಡಿ, ಮೂತಿ, ಲೇಪ, ಹೊಳಪು ಎಂದು ಒಂದೊಂದು ಚೂರನ್ನೂ ಕಲ್ಲಿನ ಮಾದರಿಯನ್ನು ವರ್ಣಿಸುವ ಶಿಸ್ತಿನಲ್ಲಿ ಫೂಟ್ ವರ್ಣಿಸಿದ್ದಾನೆ. ಕಾಲದ ವಿಷಯದಲ್ಲಿ ಅವನ ಮಾತು ಈಗ ಹಳೆಯದಾಗಿರಬಹುದು. ವರ್ಣನೆ ಮಾತ್ರ ಇಂದಿಗೂ ಬಳಸಲು ಯೋಗ್ಯವಾಗಿದೆ. ನಂತರದ ಎಷ್ಟೋ ವರದಿಗಳ ಬಗ್ಗೆ ಈ ಮಾತನ್ನು ಹೇಳಲಾಗದು.

ಕರ್ನಾಟಕದ ಮಡಕೆಗಳಿಗೆ ವರ್ಷಗಳನ್ನು ಹಚ್ಚುವ ವ್ಯವಸ್ಥಿತ ಪ್ರಯತ್ನ 1947ರ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಉತ್ಖನನಗಳಿಂದ ಆರಂಭವಾಯಿತು. ಎರಡು ನೆಲೆಗಳಲ್ಲಿಯೂ ಎಂ. ಎಚ್. ಕೃಷ್ಣ ಅವರು ಅದಕ್ಕೂ ಮೊದಲೇ ಅಗೆತ ನಡೆಸಿದ್ದರು. ಚಂದ್ರವಳ್ಳಿಯ ಕೆಲಸ 1929ರಷ್ಟು ಹಿಂದಿನದು. ವೀಲರ್ ಕಟ್ಟಿದ ಕಾಲಸರಪಳಿಯ ಮೊದಲ ಕೊಂಡಿ ಇರುವುದು ಇಟಲಿಯಲ್ಲಿ. ಅರೆಟ್ಜೊ ಪಟ್ಟಣದ ಹೆಸರಿನಿಂದ ಕರೆಯಲಾಗುವ ಕೆಂಪು ಹೊಳಪಿನ ತಟ್ಟೆಗಳು ಕ್ರಿ.ಶ. ಒಂದನೆಯ ಶತಮಾನದ ಮಧ್ಯದ ವೇಳೆಗೆ ತಯಾರಿಕೆಯಿಂದ ಮರೆಯಾದವು. ಆ ತಟ್ಟೆಗಳು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ದೊರೆತವು. ಅಲ್ಲಿಯೇ ಒಳತಳದಲ್ಲಿ ಹಲ್ಲುಗಾಲಿ ಉರುಳಿಸಿದಂಥ ಗೆರೆವೃತ್ತಗಳಿರುವ ‘ರೂಲೆಟೆಡ್’ ತಟ್ಟೆಯೂ ದೊರೆಯಿತು. ರೂಲೆಟೆಡ್ ತಟ್ಟೆಯ ಚೂರುಗಳು ಬ್ರಹ್ಮಗಿರಿ, ಚಂದ್ರವಳ್ಳಿಗಳ ಮೇಲ್ಸ್ತರದಲ್ಲಿ ಕಂಡವು. ಆದ್ದರಿಂದ ಆ ಸ್ತರ ಒಂದನೆಯ ಶತಮಾನದ್ದು. ಅದರ ಕೆಳಗಿನ ಕಪ್ಪು-ಕೆಂಪು ಮಡಕೆಯ ಸ್ತರ ಅದಕ್ಕೆ ತುಸು ಹಿಂದಿನದು. ಮಣ್ಣಿನ ರಾಶಿಯ ದಪ್ಪವನ್ನು ಅಂದಾಜು ಮಾಡಿ ವೀಲರ್ ಬೃಹತ್ ಶಿಲಾ ಸಂಸ್ಕೃತಿಯನ್ನು ಕ್ರಿ.ಪೂ. 200ರ ಸುಮಾರಿನಿಂದ ಕ್ರಿ.ಶ. 50ರ ಸುಮಾರಿನವರೆಗೂ, ಅದರ ಹಿಂದಿನ ಕಲ್ಲುಕೊಡಲಿಯ ಸಂಸ್ಕೃತಿಯನ್ನು ಕ್ರಿ.ಪೂ. ಒಂದನೆಯ ಸಹಸ್ರಮಾನದ ಮೊದಲ ಭಾಗದಿಂದಲೂ ಇರಿಸಿದನು.

ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯ, ಸಾತವಾಹನ ನಾಣ್ಯಗಳು ದೊರೆತದ್ದರಿಂದ ಮೇಲ್ಸ್ತರದ ವಿಷಯದಲ್ಲಿ ವೀಲರ್ ಬಹಳ ತಪ್ಪಲಿಲ್ಲ. ದೋಷವಿದ್ದದ್ದು ಕೆಳಗಿನ ಸ್ತರಗಳ ಲೆಕ್ಕದಲ್ಲಿ. ಇಟಲಿಯ ಊಟದ ತಟ್ಟೆ ಕರಾವಳಿಯ ಬಂದರಿನ ತಟ್ಟೆಗೆ ಕಾಲ ಕೊಟ್ಟಿತು. ಅದು ಚಿತ್ರದುರ್ಗದ ಸಮಾಧಿಯ ಮಡಕೆಗೆ ಕಾಲ ಕೊಟ್ಟಿತು. ಅದನ್ನೇ ಹಿಡಿದು ಸುರಪುರದ ಗಡಿಗೆಗೂ ಕಾಲ ಹಚ್ಚಲಾಯಿತು. ಒಂದು ಕೊಂಡಿ ಸಡಿಲವಾದರೆ ಇಡೀ ಸರಪಳಿ ಜಗ್ಗುವಂಥ ಕಟ್ಟಡವಿದು. ಸಡಿಲವಾದದ್ದು ಒಂದು ಕೊಂಡಿ ಮಾತ್ರವಲ್ಲ. ವಿಮಲಾ ಬೇಗ್ಲೆ 1983ರಲ್ಲಿ ಅರಿಕಮೇಡುವಿನ ಸಾಮಗ್ರಿಯನ್ನು ಮರುಪರಿಶೀಲಿಸಿ, ಅನಂತರ 1989ರಿಂದ 1992ರವರೆಗೆ ಅಲ್ಲಿಯೇ ಉತ್ಖನನ ನಡೆಸಿ, ರೂಲೆಟೆಡ್ ತಟ್ಟೆ ರೋಮನ್ ವ್ಯಾಪಾರಕ್ಕಿಂತ ಹಳೆಯದೆಂದು, ಕ್ರಿಸ್ತಪೂರ್ವದ ಶತಮಾನಗಳಿಗೆ ಸಲ್ಲುವುದೆಂದು ವಾದಿಸಿದರು. ಅದರ ಮಣ್ಣನ್ನು ಕ್ಷಕಿರಣ ವಿಧಾನದಿಂದ ಪರೀಕ್ಷಿಸಿದ ವಿ. ಡಿ. ಗೋಗಟೆ 1997ರಲ್ಲಿ ಗಂಗಾ ನದೀಮುಖಜ ಪ್ರದೇಶದತ್ತ ಬೆರಳು ಮಾಡಿದರು. ಇತ್ತ ಎಂ. ಎಸ್. ನಾಗರಾಜರಾವ್ 1965ರಲ್ಲಿ ತುಂಗಭದ್ರಾ ತೀರದ ಹಳ್ಳೂರಿನಲ್ಲಿ ನಡೆಸಿದ ಉತ್ಖನನದ ಇಂಗಾಲ 14 ಪರೀಕ್ಷೆಗಳು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದವು. ಕೊಮಾರನಹಳ್ಳಿಯ ಮಡಕೆ ಚೂರುಗಳ ತಾಪದೀಪ್ತಿ ಮಾಪನ ಇನ್ನೂ ಹಿಂದಕ್ಕೆ, ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಹೋಯಿತು.

ಸುರಪುರ ಸೀಮೆಯೊಳಗಿನ ಸ್ವಂತ ಸಾಕ್ಷ್ಯವನ್ನು ಒದಗಿಸಿದ ಕೀರ್ತಿ ಕೆ. ಪದ್ದಯ್ಯ ಅವರದು. ಅವರು 1965-66ರಲ್ಲಿ ಕೊಡೇಕಲ್ಲಿನ ಬೂದಿದಿಬ್ಬವನ್ನು ಉತ್ಖನನ ಮಾಡಿದರು. ಈ ಸೀಮೆಯ ನವಶಿಲಾಯುಗವನ್ನು ಕುರಿತ ಅವರ ಗ್ರಂಥ 1973ರಲ್ಲಿ ಹೊರಬಂದಿತು. ಕೊಡೇಕಲ್ಲಿನ ಇಂಗಾಲ 14 ಪರೀಕ್ಷೆ ಕ್ರಿ.ಪೂ. ಮೂರನೆಯ ಸಹಸ್ರಮಾನವನ್ನು ಸೂಚಿಸಿತು. ವೀಲರ್ ಹಾಕಿಕೊಟ್ಟ ಲೆಕ್ಕಕ್ಕಿಂತ ಇದು ಸಾವಿರ ವರ್ಷಗಳಿಗೂ ಮಿಕ್ಕಿ ಹಿಂದಿನದು. ಕೈಯಿಂದ ಮಾಡಿ, ಉಜ್ಜಿ ಹೊಳಪು ತಂದ ಬೂದು ಬಣ್ಣದ ಮಡಕೆಗಳ ಕಾಲ ಹೀಗೆ ಒಂದೇ ಪರೀಕ್ಷೆಯಿಂದ ಅಷ್ಟು ದೂರ ಸರಿಯಿತು. ಮಡಕೆಯ ರೂಪದಲ್ಲಿ ಮಾತ್ರ ಒಂದು ಗೆರೆಯೂ ಬದಲಾಗಲಿಲ್ಲ. ರೂಪವನ್ನು ನೋಡಿದ ಮಾತ್ರಕ್ಕೆ ವರ್ಷ ಹೇಳಬಹುದೆಂಬ ನಂಬಿಕೆಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಬಣ್ಣದ ಪ್ರಶ್ನೆ ಇನ್ನೂ ತೊಡಕಿನದು. ಕಪ್ಪು-ಕೆಂಪು ದ್ವಿವರ್ಣ ಒಂದು ಜನಾಂಗದ ಗುರುತಲ್ಲ, ಒಂದು ಸುಡುವ ವಿಧಾನದ ಫಲ. ಗಡಿಗೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಕದ ಒಳಮೈ ಮತ್ತು ಬಾಯಂಚು ಕಪ್ಪಾಗುತ್ತವೆ. ಗಾಳಿಯಾಡಿದ ಹೊರಮೈ ಕೆಂಪಾಗುತ್ತದೆ. ಎರಡು ಬಾರಿ ಸುಟ್ಟು ಇದನ್ನು ಸಾಧಿಸುತ್ತಿದ್ದರೆಂಬ ವಾದವೂ ಉಂಟು. ಯಾವುದೇ ಆಗಲಿ, ಈ ವಿಧಾನವನ್ನು ಗುಜರಾತಿನ ಲೋಥಲ್, ರಾಜಸ್ಥಾನದ ಆಹಾಡ್‌ಗಳ ಕುಂಬಾರರೂ ಬಲ್ಲರು. ದಕ್ಷಿಣದಲ್ಲಿ ಕಬ್ಬಿಣಯುಗದ ಕುಂಬಾರರೂ ಇತಿಹಾಸಕಾಲದ ಆರಂಭದವರೂ ಬಲ್ಲರು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಬಾಳಿದ ತಂತ್ರವೊಂದು ಯಾವುದೋ ಒಂದು ಶತಮಾನದ ಮುದ್ರೆಯಾಗಲಾರದು. ಇದಕ್ಕೆ ಹೋಲಿಸಿದರೆ ಬಿಳಿಯ ಗೆರೆಗಳನ್ನು ಬರೆದು ಮೇಲೆ ಕಾವಿಬಣ್ಣದ ಲೇಪ ಕೊಟ್ಟ ಮಡಕೆ ಕಾಲಸೂಚಕವಾಗಿ ಹೆಚ್ಚು ನಂಬಲರ್ಹ; ಅದರ ಬಾಳು ಮೊಟಕು, ವ್ಯಾಪ್ತಿ ನಿಶ್ಚಿತ, ಸಾತವಾಹನ ಕಾಲದ ಸ್ತರಗಳೊಡನೆ ಅದರ ಸಂಬಂಧ ಮತ್ತೆ ಮತ್ತೆ ದೃಢಪಟ್ಟಿದೆ. ಇಷ್ಟಾದರೂ ಕೆಂಪು ಲೇಪದ ಚೂರುಗಳೆಲ್ಲ ಸಾತವಾಹನರವಾಗುವುದಿಲ್ಲ. ಭೀಮಾತೀರದ ಸನ್ನತಿಯ ಸಾಮೀಪ್ಯದಿಂದಾಗಿ ಈ ಭಾಗದಲ್ಲಿ ಆ ಹೆಸರು ಸ್ವಲ್ಪ ಧಾರಾಳವಾಗಿಯೇ ಬಳಕೆಯಾಗುತ್ತಿದೆ.

ವಿಜ್ಞಾನದ ಪರೀಕ್ಷೆಗಳಿಗೂ ಮಿತಿಯಿದೆ. ತಾಪದೀಪ್ತಿ ಹೇಳುವುದು ಮಡಕೆ ಕೊನೆಯ ಬಾರಿಗೆ ತೀವ್ರವಾಗಿ ಕಾದ ಕಾಲವನ್ನು. ಬೂದಿದಿಬ್ಬಗಳೆಂದರೆ ಸಗಣಿಯ ರಾಶಿಗಳು ಮತ್ತೆ ಮತ್ತೆ ಸುಟ್ಟು, ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾದ ತಾಣಗಳು. ರೇಮಂಡ್ ಆಲ್ಚಿನ್ 1957ರಲ್ಲಿ ಉತ್ನೂರಿನಲ್ಲಿ ನಡೆಸಿದ ಉತ್ಖನನ ಇವು ದನದ ದೊಡ್ಡಿಗಳ ಸಗಣಿಯಿಂದ ಆದವೆಂಬುದನ್ನು ಸ್ಪಷ್ಟಪಡಿಸಿತು. ಅಂಥ ಬೆಂಕಿಗೆ ಸಿಕ್ಕ ಚೂರಿನಿಂದ ಬರುವ ಕಾಲ ಆವಿಗೆಯದೋ ದಿಬ್ಬದ ಬೆಂಕಿಯದೋ ಎಂಬುದನ್ನು ಚೂರೊಂದೇ ಹೇಳಲಾರದು. ಇಂಗಾಲ ಪರೀಕ್ಷೆಯಲ್ಲಿ ಹಳೆಯ ಮರದ ಇದ್ದಿಲು ಇದೇ ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಆದುದರಿಂದಲೇ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊಯಿವಿನ್ ಅವರು 2007ರಲ್ಲಿ ದಕ್ಷಿಣದ ನವಶಿಲಾಯುಗದ ಕಾಲವನ್ನು ಮರುನಿರ್ಣಯಿಸುವಾಗ ಒಂದೇ ಋತುವಿನಲ್ಲಿ ಬೆಳೆದ ಕಾಳುಗಳ ಪರೀಕ್ಷೆಗೆ ಒತ್ತು ಕೊಟ್ಟರು. ಹುರುಳಿ, ಹೆಸರು, ಕೊರಲೆಯಂಥ ಧಾನ್ಯಗಳು ಗಡಿಗೆಯ ಕಾಲವನ್ನು ಇದ್ದಿಲಿಗಿಂತ ನಿಖರವಾಗಿ ತಿಳಿಸುತ್ತವೆ. ಅಷ್ಟೇ ಅಲ್ಲ, ಆ ಗಡಿಗೆಯಲ್ಲಿ ಏನು ಬೆಂದಿರಬಹುದೆಂಬುದನ್ನೂ ಸೂಚಿಸುತ್ತವೆ.

ಇಲ್ಲಿಗೆ ಮೊದಲ ಪ್ರಶ್ನೆ, ಎಂದರೆ ಪಾತ್ರೆ ಯಾವುದೆಂಬುದು, ಮತ್ತೆ ಎದುರಾಗುತ್ತದೆ. ಕನ್ನಡದ ಪ್ರಾಕ್ತನ ಬರವಣಿಗೆ ಇಂಗ್ಲಿಷ್ ವರದಿಗಳ ಪಾತ್ರೆಹೆಸರುಗಳನ್ನು ‘ಬಟ್ಟಲು’, ‘ತಟ್ಟೆ’, ‘ಜಾಡಿ’ ಎಂದು ಅನುವಾದಿಸಿಕೊಂಡು ತೃಪ್ತವಾಗಿದೆ. ಈ ಸೀಮೆಯ ಆಡುಮಾತಿನಲ್ಲಿ ಹರವಿ ಬೇರೆ, ಗಡಿಗೆ ಬೇರೆ, ಕೊಡ ಬೇರೆ, ಮಗಿ ಬೇರೆ, ಕುಡಿಕೆ ಬೇರೆ, ಪಡಗ ಬೇರೆ. ಬಾಯಿಯ ಅಗಲ, ಕಂಠದ ಎತ್ತರ, ತಳದ ದಪ್ಪ, ಇವೆಲ್ಲ ಬಳಕೆಗೆ ತಕ್ಕಂತೆ ನಿಂತ ಭೇದಗಳು. ನೀರಿನ ಪಾತ್ರೆಯ ಒಳಮೈಯಲ್ಲಿ ಸುಣ್ಣದ ಪೊರೆ ಕಟ್ಟುತ್ತದೆ. ಒಲೆಯ ಮೇಲಿನದರ ತಳಕ್ಕೆ ಮಸಿ ಹಿಡಿಯುತ್ತದೆ. ಕಾಳಿನ ಹರವಿಗೆ ಇವೆರಡೂ ಇರುವುದಿಲ್ಲ. ಪಿಕ್ಲಿಹಾಳದ ಉತ್ಖನನಕಾರನಾದ ಆಲ್ಚಿನ್ 1959ರಲ್ಲಿ ದಕ್ಷಿಣಾಪಥದ ಕುಂಬಾರನ ಒಂದು ತಂತ್ರವನ್ನು ಕುರಿತೇ ಪ್ರತ್ಯೇಕ ಲೇಖನ ಬರೆದನು. ಜೀವಂತ ಕುಂಬಾರನನ್ನು ಪ್ರಮಾಣವಾಗಿ ಸ್ವೀಕರಿಸಿದ ಆ ಮಾರ್ಗವನ್ನು ಕನ್ನಡದಲ್ಲಿ ಮುಂದುವರಿಸುವವರು ಬೇಕಿತ್ತು. ಅ. ಸುಂದರ ಅವರ ಸಮಾಧಿ ಅಧ್ಯಯನ (1975) ಉತ್ತರ ಕರ್ನಾಟಕದ ಕಲ್ಲುಕೋಣೆಗಳನ್ನು ರಚನೆಯ ದೃಷ್ಟಿಯಿಂದ ಎಷ್ಟು ಸೂಕ್ಷ್ಮವಾಗಿ ವಿಂಗಡಿಸಿತೋ ಅಷ್ಟೇ ಸೂಕ್ಷ್ಮವಾದ ವಿಂಗಡಣೆ ಮನೆಯ ಮಡಕೆಗೆ ಇನ್ನೂ ದೊರೆಯಬೇಕಾಗಿದೆ. ಸುಲಭದ ಕೆಲಸವಲ್ಲ, ನಿಜ. ಹೊರಕ್ಕೆ ಬಾಗಿದ ಅಂಚಿನ ದುಂಡು ಗಡಿಗೆ ನಾಲ್ಕು ಸಾವಿರ ವರ್ಷಗಳಲ್ಲಿ ಬದಲಾದದ್ದು ಬಹಳ ಕಡಿಮೆ. ಬದಲಾದದ್ದು ಮಣ್ಣಿಗೆ ಬೆರೆಸಿದ ಮರಳು-ಹೊಟ್ಟಿನ ಪ್ರಮಾಣದಲ್ಲಿ, ಒಳಗುಂಡಿನ ಏಟಿನ ಗುರುತುಗಳಲ್ಲಿ, ತಿಗರಿಯ ಗೆರೆಗಳಲ್ಲಿ, ಎಂದರೆ ಛಾಯಾಚಿತ್ರದಲ್ಲಿ ಕಾಣದ, ಚೂರಿನ ಮುರಿದ ಅಂಚಿನಲ್ಲಿ ಮಾತ್ರ ಕಾಣುವ ಸಂಗತಿಗಳಲ್ಲಿ.

ಮನೆಯ ಮಡಕೆ, ಸಮಾಧಿಯ ಮಡಕೆ ಎಂಬ ಭೇದವೂ ನವಶಿಲಾಯುಗದ ನೆಲೆಗಳಲ್ಲಿ ನಿಲ್ಲುವುದಿಲ್ಲ. ಪದ್ದಯ್ಯ ಅವರು 1989ರಿಂದ ಹಲವು ವರ್ಷ ಉತ್ಖನನ ನಡೆಸಿದ ಬೂದಿಹಾಳದಲ್ಲಿ ವಾಸದ ನೆಲೆ, ದನದ ದೊಡ್ಡಿ, ಕಲ್ಲಿನ ಆಯುಧಗಳ ಕಾರ್ಯಾಗಾರ, ಮಾಂಸ ಕಡಿದ ನೆಲ ಇವುಗಳೊಡನೆ ಮಕ್ಕಳ ಶವಸಂಸ್ಕಾರಗಳೂ ಬೆಳಕಿಗೆ ಬಂದವು. ಬ್ರಹ್ಮಗಿರಿ, ತೆಕ್ಕಲಕೋಟೆಗಳಲ್ಲಿಯೂ ಶಿಶುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳಿದ್ದು ಕಂಡುಬಂದಿದೆ. ವರದಿಯಲ್ಲಿ ಅಂಥ ಪಾತ್ರೆಗೆ ‘ಶವಕುಂಭ’ ಎಂಬ ಹೆಸರು ಬಿದ್ದೊಡನೆ ಅದು ಅಡುಗೆಮನೆಯ ಲೆಕ್ಕದಿಂದ ಹೊರಗಾಗುತ್ತದೆ. ಬಾಯಂಚುಗಳ ಎಣಿಕೆಯಲ್ಲಿ ಸೇರುವುದಿಲ್ಲ, ತಳದ ಮಸಿಯನ್ನು ಯಾರೂ ನೋಡುವುದಿಲ್ಲ. ಅದು ಹೂಳುವುದಕ್ಕೆಂದೇ ಮಾಡಿದ್ದೋ, ಅಥವಾ ಅದೇ ಮನೆಯ ಒಲೆಯ ಮೇಲಿಂದ ಇಳಿಸಿ ತಂದದ್ದೋ ಎಂಬುದು ಆ ಮಸಿಯಿಂದಲೇ ತಿಳಿಯಬೇಕಾದ ಸಂಗತಿ.

ಮುದನಾಳದ ಆ ಕಲ್ಪಿತ ಕಂಠಭಾಗಕ್ಕೆ ದಾಖಲೆಯಲ್ಲಿ ಸಲ್ಲಬೇಕಾದ ಬರಹ ಹೀಗಿರಬಹುದು: ನೆಲಮಟ್ಟದ ಶೋಧ, ಸ್ತರವಿಲ್ಲ, ಬೋರಲು ಸುಟ್ಟ ದ್ವಿವರ್ಣದ ಗಡಿಗೆ, ಬಾಯಿಯ ವ್ಯಾಸ ಇಷ್ಟು, ಮಣ್ಣಿನಲ್ಲಿ ಮರಳು, ಹೊರಮೈಗೆ ಮಸಿ, ಕಾಲ, ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ. ಇದಕ್ಕೆ ಇನ್ನೊಂದು ಎಚ್ಚರವನ್ನೂ ಸೇರಿಸಬೇಕು. ಕೊಡೇಕಲ್ಲು, ಬೂದಿಹಾಳಗಳ ಸಾಕ್ಷ್ಯ ಸುರಪುರದ ಕಡೆಯದು. ಯಾದಗಿರಿಯ ಆಸುಪಾಸಿನ ಹೊಲಗಳಿಗೆ ಅದನ್ನು ಅನ್ವಯಿಸುವಾಗ ನಡುವೆ ಭೀಮೆ ಇದೆ.