ಮಿರ್ಚಿಯ ಗುಣ, ಬಾಣಲೆಯ ದೋಷ

ಯಾಪಲದಿನ್ನಿ ಕಡೆಯಿಂದ ರಾಯಚೂರಿಗೆ ಬಂದವರಿರಲಿ, ದೇವದುರ್ಗ, ಮಾನ್ವಿಯಲ್ಲಿ ಬಸ್ಸಿಳಿದವರಿರಲಿ, ಬೆಳಿಗ್ಗೆ ಹಸಿದವರ ಕಣ್ಣು ಹುಡುಕುವುದು ಮಂಡಾಳ ಒಗ್ಗರಣಿ ಮತ್ತು ಮಿರ್ಚಿಯನ್ನು. ಈ ಸೀಮೆಯಲ್ಲಿ ಮಿರ್ಚಿ ಸಂಜೆಯ ಕುರುಕಲಷ್ಟೇ ಆಗಿಲ್ಲ, ದುಡಿಯುವವರ ನಾಷ್ಟಾ ಆಗಿದೆ. ಆದ್ದರಿಂದ ಅದನ್ನು ಒಂದು ಹೊತ್ತಿನ ಆಹಾರವೆಂದೇ ತೂಗಬೇಕು.

ಮೊದಲು ಗುಣ. ಎರೆಹೊಲದ ಹಿಂಗಾರಿ ಬೆಳೆಯಾದ ಕಡಲೆಯೇ ಮಿರ್ಚಿಯ ಹೊದಿಕೆ. 100 ಗ್ರಾಂ ಕಡಲೆಹಿಟ್ಟಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಕಡಲೆಯಲ್ಲಿ ಧಾರಾಳ. ಹಾಗಾಗಿ ಅಕ್ಕಿಯಿಂದಾದ ಮಂಡಾಳ ಮತ್ತು ಮಿರ್ಚಿ ರುಚಿಗೆ ಹೊಂದುವಂತೆ ಪೋಷಣೆಗೂ ಹೊಂದುತ್ತವೆ. ಹಸಿಮೆಣಸಿನಕಾಯಿಯ ‘ಸಿ’ ಜೀವಸತ್ವ ಮಾತ್ರ ಕಾವಿಗೆ ಒಂದಿಷ್ಟು ಕಳೆದುಹೋಗುತ್ತದೆ.

ಇನ್ನು ದೋಷ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ. ಮಿರ್ಚಿಯೊಂದು 10 ಗ್ರಾಂ ಎಣ್ಣೆ ಹೀರಿದರೆ, ಮೂರು ತಿಂದವರಿಗೆ ಎಣ್ಣೆಯಿಂದಲೇ 270 ಕ್ಯಾಲರಿ. ಗರಿಗರಿಯಾಗಲೆಂದು ಸೋಡಾ ಹೆಚ್ಚು ಸುರಿದರೆ ಹೊದಿಕೆ ತೂತುತೂತಾಗಿ ಇನ್ನಷ್ಟು ಎಣ್ಣೆ ಕುಡಿಯುತ್ತದೆ, ‘ಬಿ1’ ಜೀವಸತ್ವವೂ ನಾಶವಾಗುತ್ತದೆ. ಎಣ್ಣೆ ಕಾಯುವ ಮೊದಲೇ ಹಿಟ್ಟು ಬಿಟ್ಟರೂ ಮಿರ್ಚಿ ಜಿಡ್ಡಾಗುತ್ತದೆ; 170–180 ಡಿಗ್ರಿ ಸೆಲ್ಸಿಯಸ್ ಕಾವು ಬೇಕು.

ಆದರೆ ದೊಡ್ಡ ಅಪಾಯ ಇರುವುದು ನಿನ್ನೆಯ ಎಣ್ಣೆಗೇ ಇವತ್ತಿನ ಎಣ್ಣೆ ಬೆರೆಸುವ ರೂಢಿಯಲ್ಲಿ. ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಆದರೆ ಆ ಪ್ರಮಾಣವನ್ನು ಅಳೆಯುವ ಸಾಧನ ತಳ್ಳುಗಾಡಿಯವರ ಕೈಗೆ ಎಟುಕುವಂಥದ್ದಲ್ಲ. ಬಿಸಿ ಮಿರ್ಚಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವುದಕ್ಕೂ ನಿಷೇಧವಿದೆ. ಶಾಯಿ ಜಿಡ್ಡಿನೊಡನೆ ಹೊಟ್ಟೆ ಸೇರುತ್ತದೆ.

ನನ್ನ ತೀರ್ಪು ಇಷ್ಟು: ಮಿರ್ಚಿ ಒಳ್ಳೆಯ ಕಾಳು, ಒಳ್ಳೆಯ ಕಾಯಿಯಿಂದಾದ ತಿಂಡಿ, ಅದನ್ನು ಕೆಡಿಸುತ್ತಿರುವುದು ಎಣ್ಣೆಯ ಮರುಬಳಕೆ ಮತ್ತು ಅಳತೆಯಿಲ್ಲದ ತಿನ್ನುವಿಕೆ. ಸಣ್ಣ ವ್ಯಾಪಾರಿಗೆ ದಂಡ ಹಾಕುವ ಮೊದಲು ಅಧಿಕಾರಿಗಳು ಅಳೆಯುವ ಸಾಧನದೊಂದಿಗೆ ಸಂತೆಗೆ ಬರಲಿ. ಕಾದು ಸವೆದ ಎಣ್ಣೆಯನ್ನು ಬಯೋಡೀಸೆಲ್‌ಗೆಂದು ಕೊಳ್ಳುವ ವ್ಯವಸ್ಥೆ ತಾಲೂಕುಗಳಿಗೂ ತಲುಪಲಿ. ಆಗ ಹಳೆ ಎಣ್ಣೆ ಚೆಲ್ಲಿದರೆ ನಷ್ಟವೆಂಬ ಚಿಂತೆ ವ್ಯಾಪಾರಿಗೆ ಇರುವುದಿಲ್ಲ.

ತಿನ್ನುವವರಲ್ಲಿ ಒಂದು ಕೋರಿಕೆ: ಒಗ್ಗರಣಿಗೆ ಶೇಂಗಾ, ಪುಟಾಣಿ ಹೆಚ್ಚು ಹಾಕಿಸಿಕೊಳ್ಳಿ, ಮಿರ್ಚಿ ಎರಡಕ್ಕೆ ನಿಲ್ಲಿಸಿ. ಎಣ್ಣೆ ಕಪ್ಪಾಗಿ ಹೊಗೆಯಾಡುತ್ತಿದ್ದರೆ ಆ ಅಂಗಡಿಯಲ್ಲಿ ತಿನ್ನಬೇಡಿ.