ಕಿವಿಯ ಕೇಳ್ಮೆ, ಮನದ ನಿರ್ಣಯ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಮ್ಮ ಸಮಾಜಕ್ಕೆ ಪರಿಚಿತವಾದ ಕಾವ್ಯ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ತತ್ತ್ವಕ್ಕೆ ನಿದರ್ಶನವಾಗಿ ಅದನ್ನು ಪ್ರವಚನಗಳಲ್ಲಿ ಉದಾಹರಿಸುವುದುಂಟು. ರಾಣಿ ಅಮೃತಮತಿಯ ಪತನದ ಕಥೆಯೆಂದು ಬಗೆದು ಆಕೆಯನ್ನು ಹಳಿದು ಮುಗಿಸುವುದೂ ಉಂಟು. ಈ ಎರಡು ಓದುಗಳೂ ಸುಳ್ಳಲ್ಲ. ಆದರೆ ಕಾವ್ಯದ ಹೆಣಿಗೆಯಲ್ಲಿ ಇನ್ನೊಂದು ಎಳೆಯಿದೆ. ಇಂದ್ರಿಯವು ತಂದೊಪ್ಪಿಸಿದ ವಿಷಯವು ನಿರ್ಣಯವಾಗಿ ಮಾರ್ಪಡುವ ದಾರಿಯಲ್ಲಿ ಮನುಷ್ಯನು ಎಲ್ಲಿ ಎಡವುತ್ತಾನೆ ಎಂಬ ವಿಚಾರವೇ ಆ ಎಳೆ.

ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಹುಟ್ಟುವ ಮತಿಜ್ಞಾನಕ್ಕೆ ‘ತತ್ತ್ವಾರ್ಥಸೂತ್ರ’ವು ನಾಲ್ಕು ಹಂತಗಳನ್ನು ಹೇಳುತ್ತದೆ. ವಿಷಯದ ಮೊದಲ ಗ್ರಹಣವು ಅವಗ್ರಹ. ‘ಇದು ಏನಿರಬಹುದು’ ಎಂದು ವಿಶೇಷವನ್ನು ಅರಿಯಬಯಸುವುದು ಈಹಾ. ‘ಇದು ಇಂಥದೇ’ ಎಂಬ ನಿಶ್ಚಯವು ಅವಾಯ. ಆ ನಿಶ್ಚಯವನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಕಣ್ಣು ವಿಷಯವನ್ನು ಮುಟ್ಟದೆ ದೂರದಿಂದಲೇ ಗ್ರಹಿಸುತ್ತದೆ. ಕಿವಿಗಾದರೋ ಶಬ್ದವು ಬಂದು ಸೋಂಕಬೇಕು ಎಂಬುದು ನಮ್ಮ ಆಚಾರ್ಯರ ಮತ. ಈ ಸೂಕ್ಷ್ಮವನ್ನು ನೆನಪಿನಲ್ಲಿಟ್ಟು ಜನ್ನನನ್ನು ಓದಿದರೆ, ಕಾವ್ಯದ ತಿರುವುಗಳೆಲ್ಲ ಕಿವಿಯ ಬಾಗಿಲಲ್ಲೇ ಸಂಭವಿಸುವುದು ಗಮನಕ್ಕೆ ಬರುತ್ತದೆ.

ಇರುಳಿನ ಕೊನೆಯಲ್ಲಿ ತೇಲಿಬಂದ ಮಾವುತ ಅಷ್ಟವಂಕನ ಗಾನಕ್ಕೆ ಅಮೃತಮತಿ ಮನಸೋತಳು. ಆಕೆ ವಿಚಾರಿಸದೆ ಎಡವಿದಳೆನ್ನುವಂತಿಲ್ಲ. ಹಾಡಿದವನು ಯಾರೆಂದು ತಿಳಿಯಲು ಕೆಳದಿಯನ್ನು ಕಳುಹಿಸಿದಳು. ಅವಳು ಹೋಗಿ ನೋಡಿ, ಅವನ ವಿಕಾರರೂಪವನ್ನು ಮುಚ್ಚುಮರೆಯಿಲ್ಲದೆ ವರ್ಣಿಸಿದಳು. ಕಿವಿಯ ಸಾಕ್ಷಿಯ ಎದುರಿಗೆ ಕಣ್ಣಿನ ಸಾಕ್ಷಿಯೂ ಬಂದು ನಿಂತಿತು. ಆದರೆ ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಒಲಿದ ಮೇಲೆ ರೂಪದ ಗಣನೆ ಏಕೆಂದು ರಾಣಿ ವಾದ ಹೂಡಿದಳು. ಇಲ್ಲಿ ಅವಾಯವು ಈಹೆಗಿಂತ ಮುಂಚೆ ಬಂದಿದೆ. ಆಮೇಲಿನ ವಿಚಾರಣೆಯೆಲ್ಲ ಮೊದಲೇ ಆದ ನಿರ್ಣಯಕ್ಕೆ ಊರುಗೋಲು. ಗಾನವು ಮಧುರವಾಗಿದ್ದುದು ನಿಜ. ಕಿವಿ ಸುಳ್ಳು ಹೇಳಲಿಲ್ಲ. ಮಾಧುರ್ಯವನ್ನು ರಾಗವಾಗಿಸಿದ್ದು ಮೋಹ.

ಯಶೋಧರನಾದರೂ ಇದಕ್ಕೆ ಹೊರತಲ್ಲ. ಹೆಂಡತಿಯ ನಡತೆಯನ್ನು ಅವನು ಕಣ್ಣಾರೆ ಕಂಡ. ಎತ್ತಿದ ಖಡ್ಗವನ್ನು ತಡೆದುಕೊಂಡ. ಅಷ್ಟು ಸಂಯಮವಿದ್ದ ಅರಸನು ಮರುದಿನ ತಾಯಿ ಚಂದ್ರಮತಿಯ ಎದುರಿಗೆ ಕಂಡ ಸತ್ಯವನ್ನು ಕೆಟ್ಟ ಕನಸೆಂದು ಮರೆಮಾಚಿದ. ತಾಯಿ ಶಾಂತಿಗಾಗಿ ಬಲಿಯನ್ನು ಬೇಡಿದಳು. ಜೀವವಧೆಗೆ ಒಪ್ಪದವನು ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಿದ. ಕಣ್ಣಿಗೆ ಅದು ಬರಿಯ ಹಿಟ್ಟು. ಆ ಕಣ್ಣಿನ ಸಮಾಧಾನದ ಮರೆಯಲ್ಲಿ ಕೊಲ್ಲುವ ಸಂಕಲ್ಪವು ಅಡಗಿ ಕುಳಿತಿತ್ತು. ಕತ್ತಿ ಬಿದ್ದಾಗ, ಒಳಗೆ ಬೆಂತರವೊಂದು ಸೇರಿದ್ದ ಆ ಕೋಳಿ ಕೂಗಿತು. ರಾಣಿಯನ್ನು ಮರುಳುಮಾಡಿದ ಕಿವಿಯೇ ರಾಜನಿಗೆ ಸತ್ಯವನ್ನು ತಿಳಿಸಿತು. ಇಂದ್ರಿಯವನ್ನೇ ಶತ್ರುವೆಂದು ದೂರುವವರಿಗೆ ಜನ್ನನ ಉತ್ತರ ಇದರಲ್ಲಿದೆ.

ಮುಂದಿನ ಜನ್ಮಪರಂಪರೆಯಲ್ಲಿ ಕವಿಯ ನಡೆ ಅವಸರದ್ದು; ಮೊದಲ ಭಾಗದ ಮನೋಜ್ಞಾನ ಇಲ್ಲಿ ತೆಳುವಾಗಿದೆ. ಅಮೃತಮತಿಯನ್ನು ಒಳಹೊಕ್ಕು ಕಂಡ ಕವಿ, ಆಕೆ ವಿಷವಿಕ್ಕಿದ ಮೇಲೆ ಆಕೆಯಿಂದ ದೂರ ಸರಿದುಬಿಡುತ್ತಾನೆ. ಆದರೆ ಒಂದು ಸನ್ನಿವೇಶ ಮರೆಯುವಂಥದಲ್ಲ. ಕೋಳಿಗಳಾಗಿ ಹುಟ್ಟಿದ ತಾಯಿ-ಮಗ ಮುನಿಯ ಉಪದೇಶ ಕೇಳಿ ಹರ್ಷದಿಂದ ಕೂಗುತ್ತವೆ. ಯಶೋಧರನ ಮಗನಾದ ಯಶೋಮತಿ, ಶಬ್ದವೇಧಿಯ ಕೌಶಲವನ್ನು ಮಡದಿಗೆ ತೋರಿಸಲು, ಆ ಕೂಗನ್ನೇ ಗುರಿಯಾಗಿಸಿ ಬಾಣ ಬಿಡುತ್ತಾನೆ. ಕಿವಿ ಎಳ್ಳಷ್ಟೂ ತಪ್ಪಲಿಲ್ಲ, ಗುರಿಯೂ ತಪ್ಪಲಿಲ್ಲ. ಸತ್ತವರು ತನ್ನ ತಂದೆ ಮತ್ತು ಅಜ್ಜಿ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಇಂದ್ರಿಯಪಾಟವವೇ ವಿವೇಕವಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕೆ?

ಆ ಜೀವಗಳೇ ಯಶೋಮತಿಯ ಮಕ್ಕಳಾಗಿ, ಅಭಯರುಚಿ-ಅಭಯಮತಿಯರಾಗಿ ಹುಟ್ಟಿ, ಚಂಡಮಾರಿಗೆ ಬಲಿಯಾಗಲು ಮಾರಿದತ್ತನ ಮುಂದೆ ನಿಂತಿದ್ದಾರೆ. ಕೊಲ್ಲಲು ಸಿದ್ಧನಾದ ಆ ಅರಸನು ಕೈ ತಡೆದು, ಈ ಕಥೆಯನ್ನು ಕೊನೆಯವರೆಗೂ ಕೇಳುತ್ತಾನೆ. ಕೇಳಿ, ಬಲಿಯನ್ನು ತೊರೆಯುತ್ತಾನೆ. ಪೂರ್ತಿ ಕೇಳಿದ ಮೇಲೆ ನಿರ್ಣಯಕ್ಕೆ ಬಂದ ಅರಸನು ಇವನು.

ಅಪರಿಗ್ರಹವ್ರತದ ಭಾವನೆಗಳಲ್ಲಿ ಸೂತ್ರಕಾರರು ಕಿವಿ ಮುಚ್ಚಿಕೊಳ್ಳಿರೆಂದು ವಿಧಿಸಿಲ್ಲ. ಹಿತವಾದ ಮತ್ತು ಅಹಿತವಾದ ವಿಷಯಗಳಲ್ಲಿ ರಾಗದ್ವೇಷಗಳನ್ನು ಬಿಡಿರೆಂದಿದ್ದಾರೆ. ಬಸದಿಯ ಸಭೆಯಲ್ಲಿ ಒಬ್ಬರ ಮೇಲೆ ದೂರು ಬಂದಾಗ, ಮನೆಯಲ್ಲಿ ಸೊಸೆಯ ವಿಷಯವಾಗಿ ಮಾತು ಕಿವಿಗೆ ಬಿದ್ದಾಗ, ನಾವು ನಡೆಸುವ ವಿಚಾರಣೆ ತಿಳಿಯುವುದಕ್ಕೋ, ಆಗಲೇ ಮಾಡಿದ ನಿರ್ಣಯವನ್ನು ಸಮರ್ಥಿಸುವುದಕ್ಕೋ? ಅಮೃತಮತಿಯನ್ನು ಹಳಿಯುವ ಮುನ್ನ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು.